ನೋಡುವವನು ಮಂಜಯ್ಯ, ನೋಡಿಸಿಕೊಳ್ಳುವವನು ದೇವಪ್ಪ

ಕೊಡೇರಿಯ ದೇವಪ್ಪನಿಗೆ ಕುಡಿತದ ಚಟವಿಲ್ಲ, ಇಸ್ಪೀಟಿನ ಹುಚ್ಚಿಲ್ಲ, ಬೀಡಿಯನ್ನೂ ಬಿಟ್ಟು ಬಹಳ ಕಾಲವಾಯಿತು. ಅವನಿಗಿರುವುದು ಒಂದೇ ಚಟ, ಮಂಜಯ್ಯನನ್ನು ಕಂಡು ಹೊಟ್ಟೆ ಉರಿಸಿಕೊಳ್ಳುವುದು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಅವನ ಕಣ್ಣು ಬೇಲಿಯಾಚೆಗೆ ಹೋಗುತ್ತದೆ. ಮಂಜಯ್ಯ ಎದ್ದು ಓಡಾಡುತ್ತಿದ್ದರೆ ‘ಇಷ್ಟು ಬೇಗ ಎದ್ದು ಯಾರನ್ನು ಉದ್ಧಾರ ಮಾಡಬೇಕೋ’ ಎಂದು ಉರಿ. ಎದ್ದಿಲ್ಲದಿದ್ದರೆ ‘ಹೊದ್ದು ಮಲಗುವ ಭಾಗ್ಯ ನೋಡು’ ಎಂದು ಉರಿ.

ಇಬ್ಬರೂ ಷಡ್ಡಕರು. ಬಸ್ರೂರಿನ ಒಂದೇ ಮನೆಯ ಅಕ್ಕತಂಗಿಯರನ್ನು ಮದುವೆಯಾದವರು. ಅಕ್ಕ ವನಜ ಮಂಜಯ್ಯನಿಗೆ, ತಂಗಿ ಚಂದ್ರಾವತಿ ದೇವಪ್ಪನಿಗೆ. ಮಾವನ ಮನೆಯಲ್ಲಿ ಹಿರಿಯಳಿಯನಿಗೆ ಮೊದಲು ಬಡಿಸುತ್ತಾರೆ, ಕಿರಿಯಳಿಯನಿಗೆ ಆಮೇಲೆ. ಎಲ್ಲ ಮನೆಯಲ್ಲೂ ಇರುವ ಕ್ರಮವೇ ಅದು, ಯಾರೂ ಬೇಕೆಂದು ಮಾಡಿದ್ದಲ್ಲ. ಆದರೆ ಮದುವೆಯ ಹೊಸತರಲ್ಲಿ ಒಮ್ಮೆ ಅಂಜಲ್ ಮೀನಿನ ನಡುವಿನ ತುಂಡು ಮಂಜಯ್ಯನ ಎಲೆಗೂ ಬಾಲದ ತುಂಡು ತನ್ನ ಎಲೆಗೂ ಬಿದ್ದದ್ದನ್ನು ದೇವಪ್ಪ ಇವತ್ತಿಗೂ ಮರೆತಿಲ್ಲ. ಮಂಜಯ್ಯನ ಬಾವಿಯಲ್ಲಿ ಬೇಸಿಗೆಗೂ ಸಿಹಿನೀರು. ದೇವಪ್ಪನ ಬಾವಿಯಲ್ಲಿ ಏಪ್ರಿಲ್ ಬಂತೆಂದರೆ ಉಪ್ಪು. ಎರಡು ಬಾವಿಗಳ ನಡುವೆ ಇರುವುದು ಒಂದು ಬೇಲಿ ಮಾತ್ರ. ಕಡಲಿಗೂ ತನ್ನ ಮೇಲೇ ಹಗೆ ಎಂದು ದೇವಪ್ಪ ನಂಬಿಕೊಂಡಿದ್ದಾನೆ.

ಇವೆಲ್ಲ ಸಣ್ಣ ಉರಿಗಳು. ದೊಡ್ಡ ಉರಿ ಮಂಜಯ್ಯನ ಕಣ್ಣಿನದು.

ನಾಡದೋಣಿಗಳು ಗುಂಪಾಗಿ ಮೀನಿಗೆ ಹೊರಟಾಗ ಮುಂದಿನ ದೋಣಿಯ ತುದಿಯಲ್ಲಿ ಒಬ್ಬ ನಿಲ್ಲುತ್ತಾನೆ. ಅವನಿಗೆ ಹುಟ್ಟು ಹಾಕುವ ಕೆಲಸವಿಲ್ಲ, ಬಲೆ ಎಳೆಯುವ ಕೆಲಸವಿಲ್ಲ. ನೀರನ್ನು ನೋಡುವುದೇ ಕೆಲಸ. ಎಲ್ಲಿ ನೀರಿನ ಬಣ್ಣ ತುಸು ಕಪ್ಪಾಯಿತು, ಎಲ್ಲಿ ಹಕ್ಕಿಗಳು ಸುಮ್ಮನೆ ಸುತ್ತುತ್ತಿವೆ, ಎಲ್ಲಿ ಮೀನಿಗಾಗಿಯೇ ಸುತ್ತುತ್ತಿವೆ ಎಂದು ಅವನಿಗೆ ತಿಳಿಯಬೇಕು. ಅವನು ಕೈ ಎತ್ತಿ ತೋರಿಸಿದ ಕಡೆ ಬಲೆ ಬೀಳುತ್ತದೆ. ಅಲ್ಲಿ ಮರುಮಾತಿಲ್ಲ. ಕೊಡೇರಿಯಲ್ಲಿ ಆ ಕೈ ಮಂಜಯ್ಯನದು. ಅವನು ತೋರಿಸಿದಲ್ಲಿ ಬಂಗುಡೆ ಇಲ್ಲದೆ ಹೋದದ್ದು ಕಡಿಮೆ.

ದೇವಪ್ಪನಿಗೂ ಒಮ್ಮೆ ಆ ತುದಿಯಲ್ಲಿ ನಿಲ್ಲುವ ಯೋಗ ಬಂದಿತ್ತು. ಮಂಜಯ್ಯನಿಗೆ ಜ್ವರ ಬಂದ ವಾರ ಅದು. ದೇವಪ್ಪ ಎದೆ ಉಬ್ಬಿಸಿ ನಿಂತ, ಕಪ್ಪು ನೀರು ಕಂಡ, ಕೈ ಎತ್ತಿದ, ಬಲೆ ಬಿತ್ತು. ಅದು ಮೋಡದ ನೆರಳು. ಬಲೆಯಲ್ಲಿ ಬಂದದ್ದು ಮೈಗೆ ತಾಗಿದರೆ ತುರಿಸುವ ಲೋಳೆ. ಎಳೆದವರೆಲ್ಲ ಎರಡು ದಿನ ಕೈ ಕೆರೆದುಕೊಂಡರು. ಅಂದಿನಿಂದ ಅವನು ಹೋದಲ್ಲೆಲ್ಲ ಯಾರಾದರೂ ಒಬ್ಬ ಆಕಾಶ ನೋಡಿ ‘ಇವತ್ ಮೋಡ ಇತ್ತಾ?’ ಎಂದು ಕೇಳುವುದಿದೆ.

ಇಂಥ ದೇವಪ್ಪನ ಬಾಳಿನಲ್ಲಿ ಕಳೆದ ನವೆಂಬರಿನಲ್ಲಿ ಆ ಹಡಗು ಬಂತು.

ಹಡಗು ಎಂದರೆ ದೊಡ್ಡದಲ್ಲ, ಒಂದು ಬಸ್ಸಿನಷ್ಟು ಉದ್ದ. ಬಿಳಿ ಬಣ್ಣ. ಮುಂದುಗಡೆ ಒಂದು ಕಂಬ, ಕಂಬದ ತಲೆಯಲ್ಲಿ ಕ್ಯಾಮರಾ, ಅದರ ಕೆಳಗೊಂದು ಮೈಕ್, ಪಕ್ಕದಲ್ಲಿ ತಿರುಗುವ ರಾಡಾರ್. ಮುಂದೊಂದು ದಿನ ಇದೇ ಯಂತ್ರವನ್ನು ದೊಡ್ಡ ಸರಕಿನ ಹಡಗುಗಳಿಗೆ ಹಾಕುತ್ತಾರೆ, ಆ ಹಡಗುಗಳು ಒಬ್ಬ ಮನುಷ್ಯನೂ ಇಲ್ಲದೆ ಕಡಲಲ್ಲಿ ಓಡುತ್ತವೆ ಎಂದು ಸುದ್ದಿ. ಯಂತ್ರ ಮಾಡಿದ ಕಂಪನಿಯ ಪರವಾಗಿ ಬಂದವಳು ಕ್ಷಮಾ, ಬ್ರಹ್ಮಾವರ ಕಡೆಯ ಹುಡುಗಿ. ಅದು ಸರಿಯಿದೆಯೋ ಇಲ್ಲವೋ ಎಂದು ಪರೀಕ್ಷಿಸಿ ಒಪ್ಪಿಗೆ ಕೊಡಲು ಮುಂಬಯಿಯ ಹಡಗು ಇಲಾಖೆಯಿಂದ ಬಂದವರು ರವಿರಾಜ್ ಎಂಬ ಅಧಿಕಾರಿ.

ಮೀನು ಹರಾಜಿನ ಶೆಡ್ಡಿನಲ್ಲಿ ಜನ ಸೇರಿಸಿ ರವಿರಾಜ್ ವಿಷಯ ಬಿಡಿಸಿ ಹೇಳಿದರು. ಕಡಲಿನಲ್ಲಿ ಓಡುವ ಹಡಗು ಯಾವುದೇ ಇರಲಿ, ಎಲ್ಲ ಹೊತ್ತಿನಲ್ಲೂ ಕಣ್ಣಿನಿಂದಲೂ ಕಿವಿಯಿಂದಲೂ ಕಾವಲು ಇಡಬೇಕು. ಇದು ಜಗತ್ತಿಗೆಲ್ಲ ಒಂದೇ ನಿಯಮ. ಜನ ಇರುವ ಹಡಗಿನಲ್ಲಿ ಒಬ್ಬ ಕಾವಲಿನವ ನಿಂತಿರುತ್ತಾನೆ. ಜನ ಇಲ್ಲದ ಹಡಗಿನಲ್ಲಿ ಅವನ ಜಾಗದಲ್ಲಿ ಯಂತ್ರ. ಆ ಯಂತ್ರ ಒಬ್ಬ ಒಳ್ಳೆಯ ಕಾವಲಿನವನಿಗಿಂತ ಕಡಿಮೆ ನೋಡುವುದಿಲ್ಲ ಎಂದು ಮೂರು ದಿನದ ಪರೀಕ್ಷೆಯಲ್ಲಿ ಎರಡು ದಿನವಾದರೂ ತೋರಿಸಿದರೆ ಮಾತ್ರ ಒಪ್ಪಿಗೆ.

“ದೊಡ್ಡ ಬೋಟು ಯಾರಿಗಾದರೂ ಕಾಣುತ್ತದೆ,” ಎಂದರು ರವಿರಾಜ್. “ಕಾಣಲಿಕ್ಕೆ ಕಷ್ಟ ಆಗುವಂಥ ಒಂದು ಮರದ ದೋಣಿ ಬೇಕು. ಅದರಲ್ಲಿ ಕಬ್ಬಿಣ, ತಗಡು ಯಾವುದೂ ಇರಬಾರದು. ಮತ್ತೆ, ಯಂತ್ರದ ಜೊತೆ ಸ್ಪರ್ಧೆಗೆ ನಿಲ್ಲಲಿಕ್ಕೆ ಒಳ್ಳೆಯ ಕಣ್ಣಿನವರು ಒಬ್ಬರು ಬೇಕು. ನಿಮ್ಮಲ್ಲಿ ಯಾರಿದ್ದಾರೆ?”

ಇಡೀ ಶೆಡ್ಡು ಒಂದೇ ಬಾಯಲ್ಲಿ “ಮಂಜಯ್ಯ!” ಎಂದಿತು.

“ನನ್ ಕಣ್ಣೂ ಎಂತ ಅಂಗಡಿಯಂಗೆ ತಂದದ್ದಲ್ಲ,” ಎಂದ ದೇವಪ್ಪ, ಯಾರ ಕಡೆಗೂ ನೋಡದೆ.

“ನೆರಳ್ ಕಾಂಬುದಾರೆ ದೇವಪ್ಪಣ್ಣನೇ ಸೈ!” ಎಂದ ಬೋಟಿನ ಸೋಮ. ಶೆಡ್ಡು ಬಿದ್ದು ಬಿದ್ದು ನಕ್ಕಿತು. ಕ್ಷಮಾಳಿಗೆ ಹಿಂದಿನ ಕಥೆ ಗೊತ್ತಿಲ್ಲದಿದ್ದರೂ ಅವಳೂ ನಕ್ಕಳು.

ಮರದ ದೋಣಿ ಹುಡುಕುವುದು ಮಾತ್ರ ಕಷ್ಟವಾಯಿತು. ಎಲ್ಲರದೂ ಈಗ ಫೈಬರ್. ಗೇರೆಣ್ಣೆ ಬಳಿದು ಬಳಿದು ಕರ‍್ರಗಾದ, ನೀರಿನಿಂದ ಒಂದು ಗೇಣು ಮಾತ್ರ ಮೇಲೇಳುವ, ಒಬ್ಬನೇ ಹುಟ್ಟು ಹಾಕಿಕೊಂಡು ಹೋಗುವ ಹಳೆಯ ಪಾತಿ ದೋಣಿ ಊರಲ್ಲಿ ದಿನಬಳಕೆಯಲ್ಲಿ ಉಳಿದದ್ದು ದೇವಪ್ಪನದು. ಹಾಗಾಗಿ ಒಂದೇ ಗಳಿಗೆಯಲ್ಲಿ ಎಲ್ಲ ತೀರ್ಮಾನವಾಯಿತು. ಹಡಗಿನ ಮುಂದೆ ನಿಂತು ನೋಡುವವನು ಮಂಜಯ್ಯ. ದೂರದಲ್ಲಿ ಲಂಗರು ಹಾಕಿ ಕೂತು ನೋಡಿಸಿಕೊಳ್ಳುವವನು ದೇವಪ್ಪ.

ಹೊಟ್ಟೆಗೆ ಬೆಂಕಿ ಬೀಳಲು ಇದಕ್ಕಿಂತ ಬೇರೆ ಬೇಕೇ?

ಮೊದಲ ದಿನ ರವಿರಾಜ್ ದೋಣಿಗೆ ಬಗ್ಗಿ ನೋಡಿ, ಬಲೆ, ಕಲ್ಲಿನ ಲಂಗರು ಮತ್ತು ಮರ ಬಿಟ್ಟು ಬೇರೇನೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ದೇವಪ್ಪನಿಗೊಂದು ಜಾಕೆಟ್ ತೊಡಿಸಿ ಕಳಿಸಿದರು. ಲಂಗರು ಹಾಕುವ ಜಾಗ ಅವನಿಗೇ ಬಿಟ್ಟದ್ದು. ಎಲ್ಲಿದ್ದಾನೆಂದು ಮೊದಲೇ ಗೊತ್ತಿದ್ದರೆ ನೋಡಿದ್ದಕ್ಕೆ ಅರ್ಥವಿಲ್ಲವಲ್ಲ. ಅಪಾಯಕ್ಕೆ ಇರಲಿ ಎಂದು ಸೋಮನ ಬೋಟು ಇತ್ತು, ಆದರೆ ಕ್ಯಾಮರಾಕ್ಕೆ ಗೊಂದಲವಾಗಬಾರದೆಂದು ಅದು ಬಹಳ ಹಿಂದೆ ನಿಲ್ಲಬೇಕು. ಹಡಗು ತೆಂಕಣದಿಂದ ಬರುತ್ತಿತ್ತು; ಕ್ಷಮಾ, ರವಿರಾಜ್ ಇಬ್ಬರೂ ಹೊರಗೆ ಕಾಣದ ಕೋಣೆಯಲ್ಲಿ ಯಂತ್ರದ ಪರದೆಯ ಮುಂದೆ ಕೂತಿರುತ್ತಿದ್ದರು. ದೋಣಿ ಕಂಡ ಕೂಡಲೇ ಮಂಜಯ್ಯ ಕೈಯಲ್ಲಿದ್ದ ಸ್ವಿಚ್ ಒತ್ತಬೇಕು. ಯಂತ್ರಕ್ಕೆ ಕಂಡರೆ ಅದು ಕೂಗಿ, ತಾನೇ ಹಡಗನ್ನು ಪಕ್ಕಕ್ಕೆ ತಿರುಗಿಸಬೇಕು.

ಮಂಜಯ್ಯ ಸುಮ್ಮನೆ ಸ್ವಿಚ್ ಒತ್ತುವ ಜಾತಿಯೇ? ದೋಣಿಯ ತುದಿಯಲ್ಲಿ ನಿಂತು ಬೆಳೆದ ಅಭ್ಯಾಸ ಎಲ್ಲಿ ಹೋಗುತ್ತದೆ? ಕಂಡ ಕೂಡಲೇ ಒತ್ತಿ, ಜೊತೆಗೆ ಬಲಗೈಯನ್ನು ಉದ್ದಕ್ಕೆ ಚಾಚಿ ತೋರಿಸುತ್ತಿದ್ದ. ದೂರದಲ್ಲಿ ಕೂತ ದೇವಪ್ಪನಿಗೆ ಬಿಳಿ ಚುಕ್ಕೆಯಂಥ ಹಡಗು ತುಸು ದೊಡ್ಡದಾಗುವ ಹೊತ್ತಿಗೇ ಆ ಕೈ ಎದ್ದಿರುತ್ತಿತ್ತು. ಯಂತ್ರ ಕೂಗುತ್ತಿದ್ದದ್ದು ಹಡಗು ಬಹಳ ಹತ್ತಿರ ಬಂದ ಮೇಲೆ. ಒಮ್ಮೆ ಕೂಗಲೇ ಇಲ್ಲ. ಮಂಜಯ್ಯನ ಸ್ವಿಚ್ ನಂಬಿ ಕ್ಷಮಾಳೇ ಹಡಗು ನಿಲ್ಲಿಸಬೇಕಾಯಿತು.

ದಡದಲ್ಲಿ ಹಬ್ಬವೋ ಹಬ್ಬ. ಮಂಜಯ್ಯನನ್ನು ತಲೆ ಮೇಲೆ ಹೊತ್ತು ಮೆರೆಸುವುದೊಂದು ಬಾಕಿ. ಕಂಪ್ಯೂಟರನ್ನೇ ಸೋಲಿಸಿದ ಕಣ್ಣು ಎಂದರು. ವನಜ ನೆರೆಯ ಹೆಂಗಸರಿಗೆಲ್ಲ ಚಹಾ ಮಾಡಿ ಕೊಟ್ಟಳು. ಬೇಲಿಯಾಚೆಯ ನಗೆ ದೇವಪ್ಪನ ಅಂಗಳದವರೆಗೆ ಕೇಳುತ್ತಿತ್ತು. ಅವನು ತಟ್ಟೆಯಲ್ಲಿದ್ದ ಅನ್ನವನ್ನು ಕಲಸಿದ್ದೇ ಕಲಸಿದ್ದು.

ದಡಕ್ಕೆ ಬಂದಾಗ ಕ್ಷಮಾ ಅವನ ಹತ್ತಿರ ಬಂದು ಹೇಳಿದ್ದಳು, “ದೇವಪ್ಪಣ್ಣ, ನಾಳೆಯೂ ಇದೇ ದೋಣಿಯಲ್ಲಿ, ಹೀಗೇ ಬನ್ನಿ. ಏನೂ ಬದಲು ಮಾಡಬೇಡಿ. ನಿಮ್ಮ ದೋಣಿಯೇ ನಮಗೆ ಮುಖ್ಯ.” ಅವಳು ಮನಸ್ಸಿನಿಂದಲೇ ಹೇಳಿದ್ದು. ಯಂತ್ರ ಸೋತದ್ದು ಅವನ ದೋಣಿಯ ಎದುರಿಗೆ, ಹಾಗಾಗಿ ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಲೆ. ದೇವಪ್ಪನ ಕಿವಿಗೆ ಅದು ಬಿದ್ದದ್ದು ಬೇರೆ ಥರ. ‘ಈ ಹಾಳು ದೋಣಿ ಯಾರಿಗೂ ಕಾಣದಷ್ಟು ಹೀನ, ಅದಕ್ಕೇ ಬಾ’ ಎಂದು ಹೇಳಿದ ಹಾಗೆ.

ಆದರೂ ಅವನು ಕೇಳಿದ, “ಮೇಡಂ, ನಿಮ್ ಮಿಷನ್ನಿಗೆ ನನ್ ದೋಣಿ ಎಂತಕ್ಕೆ ಕಾಂತಿಲ್ಲೆ?”

ಹುಡುಗಿ ಏನನ್ನೂ ಮುಚ್ಚಿಡದೆ ವಿವರಿಸಿದಳು. ಕ್ಯಾಮರಾಕ್ಕೆ ಕರಿ ದೋಣಿ ಅಲೆಯ ನೆರಳಿನ ಹಾಗೆ ಕಾಣುತ್ತದೆ. ರಾಡಾರಿಗೆ ಒದ್ದೆ ಮರದಿಂದ ಏನೂ ವಾಪಸ್ಸು ಬರುವುದಿಲ್ಲ, ಲೋಹ ಇದ್ದರೆ ಬರುತ್ತದೆ. ಎರಡರಲ್ಲಿ ಒಂದಕ್ಕಾದರೂ ಖಚಿತವಾದರೆ ಮಾತ್ರ ಯಂತ್ರ ಕೂಗುತ್ತದೆ. ತಾನು ಇವತ್ತು ಕೂತು ಅದನ್ನು ಒಂದಿಷ್ಟು ತಿದ್ದುತ್ತೇನೆ, ನಾಳೆ ನೋಡೋಣ ಎಂದಳು.

ಅಲ್ಲಿಗೆ ದೇವಪ್ಪನ ತಲೆಯಲ್ಲಿ ದೀಪ ಹತ್ತಿತು. ಮಂಜಯ್ಯನನ್ನು ತಾನಂತೂ ಈ ಜನ್ಮದಲ್ಲಿ ಸೋಲಿಸಲಾರೆ. ಯಂತ್ರ ಸೋಲಿಸಬಹುದಲ್ಲ? ಅದಕ್ಕೆ ಕೊಂಚ ಕೈ ಹಿಡಿಯುವವರು ಬೇಕು, ಅಷ್ಟೇ.

ಚಂದ್ರಾವತಿ ಉಪ್ಪುಂದದ ಕಡೆ ಮನೆಮನೆಗೆ ಮೀನು ಹೊತ್ತು ಮಾರುವವಳು. ಅವಳ ಎರಡು ದೊಡ್ಡ ಅಲ್ಯೂಮಿನಿಯಂ ಬೋಗುಣಿಗಳು ಹಿಂದಿನ ಚಾವಡಿಯಲ್ಲಿ ಕವುಚಿಟ್ಟಿದ್ದವು. ಬೆಳಿಗ್ಗೆ ಅವಳು ಬಾವಿಕಟ್ಟೆಗೆ ಹೋದ ಹೊತ್ತು ನೋಡಿ ದೇವಪ್ಪ ಅವುಗಳನ್ನು ಎತ್ತಿಕೊಂಡು ಹೋಗಿ ದೋಣಿಯಲ್ಲಿ ನಿಲ್ಲಿಸಿ, ಮೇಲೆ ಬಲೆ ರಾಶಿ ಹಾಕಿದ. ನೈಲಾನ್ ಬಲೆ ಮನುಷ್ಯರ ಕಣ್ಣಿಗೆ ಅಡ್ಡವೇ ಹೊರತು ರಾಡಾರಿಗಲ್ಲ. ರವಿರಾಜ್ ನಿನ್ನೆ ನೋಡಿದ ದೋಣಿಯನ್ನು ಇವತ್ತು ಮತ್ತೆ ಬಗ್ಗಿ ನೋಡಲಿಲ್ಲ. ಚಂದ್ರಾವತಿ ಬೋಗುಣಿ ಹುಡುಕಿ ಹುಡುಕಿ, ಯಾರೋ ಕದ್ದರು ಎಂದು ಶಾಪ ಹಾಕಿ, ನೆರೆಮನೆಯಿಂದ ಪ್ಲಾಸ್ಟಿಕ್ ಬುಟ್ಟಿ ತಂದು ವ್ಯಾಪಾರಕ್ಕೆ ಹೋದಳು.

ಎರಡನೆಯ ದಿನ ಲೋಕವೇ ಮಗುಚಿ ಬಿತ್ತು. ಹಡಗು ಬಿಳಿ ಚುಕ್ಕೆಯಾಗಿ ಕಂಡದ್ದೇ ತಡ, ತಿರುಗತೊಡಗಿತು. ಮಂಜಯ್ಯನ ಕೈ ಎದ್ದದ್ದು ಆಮೇಲೆ. ಜಾಗ ಬದಲಿಸಿದರೂ ಅದೇ ಕಥೆ. ಪ್ರತಿ ಸಲವೂ ಯಂತ್ರ ಮುಂದೆ, ಮಂಜಯ್ಯ ಹಿಂದೆ. ಕೊನೆಕೊನೆಗೆ ಆ ಕೈ ಪೂರ್ತಿ ಚಾಚದೆ ಅರ್ಧಕ್ಕೇ ಇಳಿಯುತ್ತಿತ್ತು. ಬಲೆರಾಶಿಗೆ ಒರಗಿ ಕೂತ ದೇವಪ್ಪ ಅದನ್ನು ನೋಡಿ ಬಾಯಲ್ಲಿ ಬೆಲ್ಲ ಇಟ್ಟುಕೊಂಡವನಂತೆ ಚಪ್ಪರಿಸಿದ. ಮೂವತ್ತು ವರ್ಷದ ಉರಿಗೆ ಯಾರೋ ತಣ್ಣೀರು ಹೊಯ್ದ ಹಾಗಾಯಿತು. ಮಂಜಯ್ಯನ ಕೈ ಬಗ್ಗುವುದನ್ನು ನೋಡಲು ಅವನು ಇಡೀ ಆಯುಸ್ಸು ಕಾದಿದ್ದ.

“ಹ್ವಾಯ್, ಮಿಷನ್ನಿಗೇ ಮೊದ್ಲ್ ಕಂಡ್ತ್ ಅಂಬ್ರ್!” ಎಂದು ದಡದಲ್ಲಿ ಸೋಮನೇ ಸುದ್ದಿ ಹಬ್ಬಿಸಿದ. ನಿನ್ನೆ ಮೆರೆಸಿದ ಬಾಯಿಗಳೇ ಇವತ್ತು ‘ವಯಸ್ಸಾಯ್ತಲ್ದಾ ಮಂಜಯ್ಯಣ್ಣಂಗೂ’ ಎಂದವು. ಕ್ಷಮಾಳ ಮುಖ ಅರಳಿತ್ತು. ತಾನು ಕೂತು ತಿದ್ದಿದ್ದು ಸರಿಯಾಯಿತು ಎಂದು ಅವಳ ಲೆಕ್ಕ. ನಾಳೆಯೂ ಹೀಗೇ ಆದರೆ ಒಪ್ಪಿಗೆಗೆ ತಡೆಯಿಲ್ಲ ಎಂದು ರವಿರಾಜರೂ ಹೇಳಿದರು.

ಸಂಜೆ ಬೇಲಿ ದಾಟಿ ಮಂಜಯ್ಯನೇ ಬಂದ. ಅವನು ಹಾಗೆ ಬಂದು ದೇವಪ್ಪನ ಜಗಲಿಯಲ್ಲಿ ಕೂರುವುದು ಅಪರೂಪ.

“ದೇವಪ್ಪ, ನನ್ ಕಣ್ಣ್ ಹೋಯ್ತ್ ಕಾಣ್,” ಎಂದ.

“ಎಂತಕ್ಕಣ್ಣ ಹಾಂಗ್ ಹೇಳೂದ್?” ದೇವಪ್ಪ ಬಾಯಿಮಾತಿಗೆ ಕೇಳಿದ. ಒಳಗೆ ಇನ್ನೂ ಬೆಲ್ಲ ಕರಗುತ್ತಿತ್ತು.

“ನಂಗ್ ಕಾಂಬುಕೆ ಮೊದ್ಲೇ ಅದ್ ಕೂಗ್ತ್. ಒಂದ್ ಸಲ ಅಲ್ಲ, ಎಲ್ಲ ಸಲವೂ. ಇನ್ನ್ ದೋಣಿ ತುದಿಯಂಗೆ ಅಕ್ಷಯ್‌ನ್ನ ನಿಲ್ಸ್ತೆ. ನಾನ್ ಹಿಂದ್ ಕೂಕಂಡ್ ಹುಟ್ಟ್ ಹಾಕ್ತೆ. ಕಾಣ್ದವ ಮುಂದ್ ನಿಂತ್ರೆ ಎಲ್ರ ಹೊಟ್ಟಿ ಮೇಲೆ ಹೊಡ್ದ್ ಹಾಂಗೆ.” ಅಕ್ಷಯ್ ಅವನ ಮಗ. ಮಂಜಯ್ಯ ಕೈಯಿಂದ ಕಣ್ಣುಜ್ಜಿಕೊಂಡ. “ಕುಂದಾಪ್ರಕ್ಕೆ ಕಣ್ಣಿನ್ ಡಾಕ್ಟ್ರ್ ಹತ್ರ ಹೋಯ್ಕ್. ಒಬ್ನೇ ಹೋಪುಕೆ ಎಂತೋ ಹೆದ್ರಿಕಿ. ನೀನ್ ಬತ್ಯಾ?”

ದೇವಪ್ಪ ಹೂಂ ಎಂದ.

“ಒಂದ್ ಲೆಕ್ಕದಂಗೆ ಒಳ್ಳೇದೇ ಆಯ್ತ್ ಬಿಡ್,” ಮಂಜಯ್ಯ ಎದ್ದು ನಿಂತ. “ನಮ್ ಹಿಂದಿನ ಮರದ್ ದೋಣಿ ತಗಂಡ್ ಒಬ್ನೇ ಹೋತೆ ಅಂದೇಳಿ ಅಕ್ಷಯ್ ಹಟ ಮಾಡ್ತಿದ್ದ. ದೊಡ್ಡ ಹಡಗಿಗೆ ಕಾಂತಿಲ್ಲೆ, ಬೇಡ ಅಂತಿದ್ದೆ. ಈಗ ನಿನ್ ದೋಣಿನೇ ಅಷ್ಟ್ ದೂರದಿಂದ ಕಾಂತ್ ಅಂದ್ ಮೇಲೆ ಎಂತಕ್ ಹೆದ್ರುದ್? ಹೋಯ್ಲಿ ಅಂದೆ.”

ಅವನು ಬೇಲಿ ದಾಟಿ ಹೋಗುವಾಗ ಕಾಲಿಡುವ ಜಾಗವನ್ನು ಬಗ್ಗಿ ಬಗ್ಗಿ ನೋಡಿಕೊಂಡು ಹೋದ. ನಿನ್ನೆಯವರೆಗೆ ಆ ಬೇಲಿಯನ್ನು ನೋಡದೆಯೇ ದಾಟುತ್ತಿದ್ದವನು. ದೇವಪ್ಪನ ಬಾಯಲ್ಲಿದ್ದ ಬೆಲ್ಲ ಅಲ್ಲಿಗೆ ಮುಗಿಯಿತು.

ಒಳಗೆ ಬಂದರೆ ಚಂದ್ರಾವತಿ ನಡುಮನೆಯಲ್ಲಿ ನಿಂತಿದ್ದಳು. ಕಾಲಬಳಿ ಎರಡು ಬೋಗುಣಿಗಳು. ಹಸಿ ಬಲೆ ಒಣಗಿಸೋಣವೆಂದು ದೋಣಿಗೆ ಹೋದವಳಿಗೆ ಸಿಕ್ಕಿದ್ದವು. ಒಳಗೂ ಹೊರಗೂ ಗೇರೆಣ್ಣೆಯ ಕಪ್ಪು ಅಂಟಿಕೊಂಡಿತ್ತು.

“ಹ್ವಾಯ್, ನನ್ ಬೋಗುಣಿ ನಿಮ್ ದೋಣಿಯಂಗೆ ಎಂತ ಮಾಡ್ತಿತ್ತ್?”

ಅವನು ಅದೂ ಇದೂ ಹೇಳಿ ನೋಡಿದ. ಅವಳು ಕದಲಲಿಲ್ಲ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬೈಯುತ್ತಾಳೆ ಎಂದುಕೊಂಡಿದ್ದ, ಅವಳು ಬೈಯಲಿಲ್ಲ.

“ಬಾವಂಗೆ ಸೋಲ್ಸುಕೆ?” ಎಂದಳು ನಿಧಾನವಾಗಿ. “ನಾಳೆ ಆ ಹಡಗಿಗೆ ಒಪ್ಗಿ ಸಿಕ್ಕತ್ತ್. ಜನ ಇಲ್ದೇ ಓಡುಕೆ ಸುರು ಆತ್ತ್. ಆಗ ಇಡೀ ಊರಿನ್ ದೋಣಿಗೆಲ್ಲ ನಾನ್ ಬೋಗುಣಿ ಕೊಡ್ಕಾ? ಅಕ್ಷಯ್ ಹೋಪತ್ತಿಗೂ ಒಂದ್ ಕೊಡ್ಕಾ?”

ದೇವಪ್ಪನಿಗೆ ಇದು ಅಲ್ಲಿಯವರೆಗೆ ಹೊಳೆದಿರಲಿಲ್ಲ ಎಂದರೆ ನಂಬುವುದು ಕಷ್ಟ, ಆದರೆ ನಿಜ. ಹೊಟ್ಟೆಕಿಚ್ಚಿನವನಿಗೆ ಲೋಕದಲ್ಲಿ ಕಾಣುವುದು ಒಬ್ಬನೇ ಮನುಷ್ಯ. ಹಡಗು, ಒಪ್ಪಿಗೆ, ನಿಯಮ ಎಲ್ಲ ಅವನಿಗೆ ಮಂಜಯ್ಯನನ್ನು ಹೊಡೆಯಲು ಸಿಕ್ಕ ಕೋಲಾಗಿತ್ತು.

“ಹೋಯ್ ಹೇಳಿ ಬನ್ನಿ ಆ ಮೇಡಮ್ಮಿಗೆ,” ಎಂದಳು ಚಂದ್ರಾವತಿ.

ಹೇಳುವುದೆಂದರೇನು ಸುಲಭವೇ? ಶೆಡ್ಡಿನಲ್ಲಿ ಎಲ್ಲರೆದುರು ನಿಂತು, ಮಂಜಯ್ಯನನ್ನು ಸೋಲಿಸಲು ಹೆಂಡತಿಯ ಮೀನಿನ ಬೋಗುಣಿ ಕದ್ದೆ ಎನ್ನಬೇಕು. ಮೋಡದ ನೆರಳಿನ ಕಥೆಗೇ ಇನ್ನೂ ವಯಸ್ಸಾಗಿಲ್ಲ. ದೇವಪ್ಪ ಬೇರೆ ದಾರಿ ಯೋಚಿಸಿದ. ನಾಳೆ ಬೋಗುಣಿ ಇಲ್ಲದೆ ಹೋದರೆ ಆಯಿತು. ಯಂತ್ರಕ್ಕೆ ಕಾಣುವುದಿಲ್ಲ, ಮಂಜಯ್ಯನಿಗೆ ಕಾಣುತ್ತದೆ, ಅವನು ಒತ್ತುತ್ತಾನೆ, ಹಡಗು ನಿಲ್ಲುತ್ತದೆ, ಒಪ್ಪಿಗೆ ತಪ್ಪುತ್ತದೆ. ಮಂಜಯ್ಯನ ಕಣ್ಣು ಮಂಜಯ್ಯನಿಗೆ ವಾಪಸ್ಸು. ಯಾರೂ ಬಾಯಿ ಬಿಡಬೇಕಾಗಿಲ್ಲ. ತನಗೆ ಸಿಕ್ಕ ಒಂದೇ ಒಂದು ಗೆಲುವನ್ನು ಬಿಟ್ಟುಕೊಡಬೇಕಲ್ಲ ಎಂದು ಹೊಟ್ಟೆ ಚುರುಗುಟ್ಟಿದ್ದೂ ಹೌದು.

ಮೂರನೆಯ ದಿನ ಬಿಸಿಲು ಚೆನ್ನಾಗಿತ್ತು. ದೇವಪ್ಪ ಕಲ್ಲುಬಂಡೆಗಳ ಬದಿಗೆ ಹೋಗಿ ಲಂಗರು ಬಿಟ್ಟು ಕೂತ. ದೋಣಿಯಲ್ಲಿ ಬಲೆ, ಮರ, ಅವನು. ತೆಂಕಣದಲ್ಲಿ ಬಿಳಿ ಚುಕ್ಕೆ ಮೂಡಿತು. ಅವನು ಮಂಜಯ್ಯನ ಕೈ ಏಳುವುದನ್ನು ಕಾದ.

ಚುಕ್ಕೆ ದೊಡ್ಡದಾಯಿತು. ಕೈ ಏಳಲಿಲ್ಲ.

ಹಡಗಿನ ಮುಂದಿನ ಕಂಬ ಕಂಡಿತು, ಕಂಬದ ಕೆಳಗೆ ನಿಂತ ಮಂಜಯ್ಯನೂ ಕಂಡ. ಮೊದಲ ದಿನ ಇಷ್ಟು ಹೊತ್ತಿಗೆ ಆ ಕೈ ಎದ್ದು ಇಳಿದು ಆಗಿತ್ತು. ಇವತ್ತು ಅದು ಪಕ್ಕದಲ್ಲಿ ಸುಮ್ಮನೆ ಜೋತುಬಿದ್ದಿದೆ. ‘ಕಾಂತಿಲ್ಯಾ ಅವಂಗೆ?’ ಎಂದುಕೊಂಡ ದೇವಪ್ಪ. ಇನ್ನಷ್ಟು ಹತ್ತಿರ ಬಂದಾಗ ಮಂಜಯ್ಯನ ತಲೆ ತನ್ನ ಕಡೆಗೇ ನೆಟ್ಟಿರುವುದು ಕಾಣಿಸಿತು. ಅವನು ನೋಡುತ್ತಿದ್ದಾನೆ. ನೋಡಿ, ಯಂತ್ರದ ಕೂಗಿಗೆ ಕಾಯುತ್ತಿದ್ದಾನೆ. ನಿನ್ನೆ ತನಗಿಂತ ಮೊದಲೇ ಕಂಡ ಯಂತ್ರ ಇವತ್ತು ಸುಮ್ಮನಿದೆ ಎಂದರೆ ಅಲ್ಲಿ ಏನೂ ಇಲ್ಲ, ತನ್ನ ಕಣ್ಣೇ ಮೋಸ ಮಾಡುತ್ತಿದೆ ಎಂದು ನಂಬಿ ನಿಂತಿದ್ದಾನೆ.

ಹಡಗಿನ ಮೂಗು ನೇರವಾಗಿ ತನ್ನ ಕಡೆಗೇ ಇದೆ. ಯಂತ್ರಕ್ಕೆ ಕಣ್ಣಿಲ್ಲ, ಕಣ್ಣಿದ್ದವನ ನಂಬಿಕೆಯನ್ನು ತಾನೇ ಕಿತ್ತುಕೊಂಡಿದ್ದಾನೆ. ಸೋಮನ ಬೋಟು ಹಿಂದೆಲ್ಲೋ ಇದೆ. ದೇವಪ್ಪ ಲಂಗರಿನ ಹಗ್ಗ ಎಳೆದ. ಅದು ಬಂಡೆಯ ಸಂದಿಗೆ ಸಿಕ್ಕಿಕೊಂಡಿತ್ತು. ಎಳೆದಷ್ಟೂ ದೋಣಿ ಬಗ್ಗಿತೇ ಹೊರತು ಲಂಗರು ಏಳಲಿಲ್ಲ. ಕೊಯ್ಯಲು ಹತ್ತಿರ ಕತ್ತಿಯಿಲ್ಲ, ಲೋಹ ಇರಬಾರದು ಎಂದು ಅದನ್ನೂ ಮನೆಯಲ್ಲೇ ಬಿಟ್ಟು ಬಂದಿದ್ದ.

ಅವನು ಎದ್ದು ನಿಂತು ಕೈ ಬೀಸಿದ. ಮಂಜಯ್ಯ ತಲೆ ಕೊಡವಿ ಕಣ್ಣುಜ್ಜಿಕೊಂಡ. ಆಗ ದೇವಪ್ಪ ಎರಡೂ ಕೈ ಬಾಯಿಗೆ ಹಿಡಿದು, ಗಂಟಲು ಹರಿಯುವಂತೆ ಕೂಗಿದ:

“ಹ್ವಾಯ್ ಮಂಜಯ್ಯಣ್ಣಾ! ನಾನ್ ಇಲ್ಲೇ ಇದ್ದೆ! ನಿನ್ ಕಣ್ಣ್ ಸರಿ ಇತ್ತ್! ನಿನ್ನೆ ಬೋಗುಣಿ ಇಟ್ಟದ್ ನಾನ್! ಚಂದ್ರಾವತಿ ಬೋಗುಣಿ! ನಿಂಗೆ ಸೋಲ್ಸುಕೆ ಇಟ್ಟದ್! ನಿನ್ ಕಣ್ಣಿನಂಥಾ ಕಣ್ಣ್ ಈ ಕಡಲಂಗೆ ಯಾರಿಗೂ ಇಲ್ಲೆ! ಒತ್ತ್ ಮಾರಾಯಾ, ಒತ್ತ್!”

ಆ ಕೈ ಎದ್ದಿತು. ಉದ್ದಕ್ಕೆ, ನೇರವಾಗಿ ದೇವಪ್ಪನ ಎದೆಗೆ ಗುರಿಯಿಟ್ಟ ಹಾಗೆ.

ಹಡಗಿನ ಎಂಜಿನ್ ಅಬ್ಬರಿಸಿ ಹಿಂದಕ್ಕೆ ತಿರುಗಿತು. ಅದು ಎಬ್ಬಿಸಿದ ಅಲೆ ದೋಣಿಗೆ ಬಡಿದು ದೇವಪ್ಪನನ್ನು ಬಲೆರಾಶಿಯ ಮೇಲೆ ಕೆಡವಿತು. ಎದ್ದು ನೋಡಿದಾಗ ಹಡಗಿನ ಮೂಗು ಎರಡು ಮಾರು ದೂರದಲ್ಲಿ ಅಲ್ಲಾಡುತ್ತ ನಿಂತಿತ್ತು.

ಅವನನ್ನು ಹಗ್ಗ ಹಾಕಿ ಹಡಗಿಗೆ ಹತ್ತಿಸಿಕೊಂಡರು. ಸೋಮನೂ ಬೋಟು ತಂದು ಪಕ್ಕಕ್ಕೆ ತಾಗಿಸಿದ. ದೇವಪ್ಪ ಬೋಗುಣಿಯ ಕಥೆಯನ್ನು ತಲೆ ತಗ್ಗಿಸಿ ಇನ್ನೊಮ್ಮೆ ಹೇಳಿದ.

“ನಾನು ತಿದ್ದಿದ್ದು ಸರಿಯಾಯಿತು ಅಂತ ಮನೆಗೆಲ್ಲ ಫೋನ್ ಮಾಡಿ ಹೇಳಿದ್ದೆ,” ಎಂದಳು ಅವಳು, ಅಲ್ಲೇ ಮೆಟ್ಟಿಲ ಮೇಲೆ ಕೂತು.

ರವಿರಾಜ್ ನಿನ್ನೆಯ ಪರೀಕ್ಷೆ ರದ್ದು ಎಂದರು. ಎರಡನೆಯ ದಿನ ದೋಣಿಗೆ ಬಗ್ಗಿ ನೋಡದೆ ಬಿಟ್ಟದ್ದು ತನ್ನ ತಪ್ಪು ಎಂದೂ ಎಲ್ಲರೆದುರು ಒಪ್ಪಿಕೊಂಡರು. ಒಪ್ಪಿಗೆಯ ಮಾತು ಸದ್ಯಕ್ಕಿಲ್ಲ, ಯಂತ್ರವನ್ನು ಮೊದಲಿಂದ ನೋಡಬೇಕು. ಆಮೇಲೆ ಅವರು ಒಳಗೆ ಹೋಗಿ ಯಂತ್ರದ ಕಿವಿ ಏನು ಹಿಡಿದಿದೆ ನೋಡಿದರು. ಕಣ್ಣಿನ ಹಾಗೆ ಕಿವಿಯೂ ಕಾವಲೇ. ಅದು ಹಿಡಿದ ಸದ್ದನ್ನೆಲ್ಲ ಇಟ್ಟುಕೊಳ್ಳಬೇಕು. ಕಂಬದ ಮೈಕಿನಲ್ಲಿ ದೇವಪ್ಪನ ಕೂಗು ಒಂದಕ್ಷರ ಬಿಡದೆ ಕೂತಿತ್ತು.

“ಅದೊಂಚೂರ್ ಒರ್ಸುಕೆ ಆತ್ತಾ ಸಾರ್?” ಎಂದ ದೇವಪ್ಪ ಸಣ್ಣ ದನಿಯಲ್ಲಿ.

“ಒರೆಸುವ ಹಾಗಿಲ್ಲ. ವರದಿ ಜೊತೆ ಮುಂಬಯಿಗೆ ಹೋಗಬೇಕು,” ಎಂದು ರವಿರಾಜ್ ಅದನ್ನು ಹಾಕಿದರು. ಹಡಗಿನ ಸ್ಪೀಕರಿನಲ್ಲಿ ದೇವಪ್ಪನ ಗಂಟಲು ಕಡಲ ತುಂಬ ಕೇಳಿಸಿತು. ‘ಚಂದ್ರಾವತಿ ಬೋಗುಣಿ’ ಬಂದಾಗ ಸೋಮ ಹೊಟ್ಟೆ ಹಿಡಿದುಕೊಂಡು ನಕ್ಕ. ಕ್ಷಮಾಳಿಗೂ ನಗು ತಡೆಯಲಾಗಲಿಲ್ಲ. ದೇವಪ್ಪ ಕಡಲಿಗೆ ಹಾರಿಬಿಡೋಣವೇ ಎಂದು ಯೋಚಿಸಿದ.

ನಗದೆ ಇದ್ದವನು ಮಂಜಯ್ಯ ಒಬ್ಬನೇ. ಅವನು ಸ್ವಿಚ್ಚನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡಿದ್ದ.

“ನಿನ್ ದೋಣಿ ನಂಗೆ ಆಗ್ಳೇ ಕಂಡಿತ್ತ್,” ಎಂದ ದೇವಪ್ಪನಿಗೆ. “ಅದ್ ಕೂಗ್ಲಿಲ್ಲ ಅಂದೇಳಿ ಸುಮ್ನೆ ನಿಂತಿದ್ದೆ. ಇನ್ನೊಂಚೂರ್ ಆಗಿದ್ರೆ ಕಾಂತಾ ಕಾಂತಾ ನಿಂಗೆ ಕೊಲ್ತಿದ್ದೆ ಮಾರಾಯ.”

ಬೈದಿದ್ದರೆ ದೇವಪ್ಪನಿಗೆ ವಾಸಿಯಿತ್ತು, ನಾಲ್ಕು ಬಾರಿಸಿದ್ದರೂ ವಾಸಿಯಿತ್ತು. ಮಂಜಯ್ಯ ರವಿರಾಜರ ಕಡೆ ತಿರುಗಿದ.

“ಇನ್ನೊಂದ್ ಸಲ ಹಾಕಿ ಸಾರ್,” ಎಂದ.

ಹಾಕಿದರು. ‘ನಿನ್ ಕಣ್ಣಿನಂಥಾ ಕಣ್ಣ್ ಈ ಕಡಲಂಗೆ ಯಾರಿಗೂ ಇಲ್ಲೆ’ ಎಂಬಲ್ಲಿ ಮಂಜಯ್ಯ ಸ್ವಿಚ್ಚನ್ನು ಕೆಳಗಿಟ್ಟು ಸ್ಪೀಕರಿನ ಕಡೆ ಕಿವಿ ತಿರುಗಿಸಿದ. ಊರಿಡೀ ಹೊಗಳಿದಾಗ ಹಲ್ಲು ಕಿರಿದು ಮುಂದೆ ಹೋಗುತ್ತಿದ್ದ ಮನುಷ್ಯ ಅವನು. ಇಷ್ಟು ವರ್ಷ ಬೇಲಿಯ ಈಚೆಯಿಂದ ಈ ಒಂದು ಮಾತು ಬರುತ್ತದೋ ಎಂದು ಅವನೂ ಕಾದಿದ್ದನೋ ಏನೋ, ದೇವಪ್ಪನಿಗೆ ಮೊದಲ ಸಲ ಹಾಗನ್ನಿಸಿತು. ಒಂದೇ ಒಂದು ಸಲ ಹೇಳಿದ್ದು, ಅದೂ ಹಡಗು ತಲೆ ಮೇಲೆ ಬಂದಾಗ. ಆ ಹೊಗಳಿಕೆಯೂ ಕೊನೆಗೆ ಮಂಜಯ್ಯನಿಗೇ ಸಿಕ್ಕಿತಲ್ಲ ಎಂದು ದೇವಪ್ಪನ ಹೊಟ್ಟೆ ಸುಮ್ಮನಿರಲಾರದೆ ಸ್ವಲ್ಪ ಉರಿಯಿತು. ಆದರೂ ಅವನು ಅಲ್ಲಿಂದ ಕದಲಲಿಲ್ಲ.

“ಮತ್ತೊಂದ್ ಸಲ,” ಎಂದ ಮಂಜಯ್ಯ.

ಈ ಸಲ ಸೋಮನೂ ನಗಲಿಲ್ಲ. ಮಂಜಯ್ಯ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿಕೊಂಡು ಕೇಳಿದ.